ಏಣಿಗೂ ಬಾಗಿಲಿಗೂ ನಡುವೆ

ಸಿಗ್ನಲ್ ಕಂಬದ ತುದಿಯಲ್ಲಿ ಕೂತು ರೆಕ್ಕೆ ಕೊಡವುತ್ತಿರುವ ಈ ಬಂಗಾರಪೇಟೆ ಕಾಗೆಗೇನು ಗೊತ್ತು ಹಾರುವುದು ಅಂದರೆ, ಬ್ರೇಕು ತಪ್ಪಿ ಸಮುದ್ರದ ಕಡೆಗೆ ಓಡುತ್ತಿದ್ದ ವಿಮಾನಕ್ಕೆ ಎದುರು ನಿಂತು ಅದರ ಮೂಗಿಗೆ ಭುಜ ಕೊಟ್ಟು ನಿಲ್ಲಿಸಿದವನು ನಾನು, ಬರೀ ಭುಜ, ಹಗ್ಗವಿಲ್ಲ ಸರಪಳಿಯಿಲ್ಲ, ಚಪ್ಪಲಿಯ ಅಟ್ಟೆ ಮಾತ್ರ ಸವೆದುಹೋಗಿತ್ತು, ಪೈಲಟ್ ಕೆಳಗಿಳಿದು ಬಂದು ನನ್ನ ಭುಜ ಮುಟ್ಟಿ ನೋಡಿ ಇದು ಯಾವ ಊರಿನ ಕಬ್ಬಿಣ ಅಂತ ಕೇಳಿದ, ಕೋಲಾರದ್ದು ಅಂದೆ, ಚಿನ್ನ ಬರೋ ನೆಲದಲ್ಲಿ ಕಬ್ಬಿಣ ಅಗ್ಗ ಅಂದೆ — ಆಂಡರ್ಸನ್‌ಪೇಟೆಯ ಟೀ ಅಂಗಡಿಯಲ್ಲಿ ಇದನ್ನು ಸಾವಿರ ಸಲ ಹೇಳಿದ್ದೇನೆ, ಪ್ರತಿ ಸಲವೂ ವಿಮಾನ ಒಂದು ಗೇಣು ಬೆಳೆದಿದೆ, ಯಾರೂ ನಂಬಿಲ್ಲ, ಯಾರೂ ಎದ್ದುಹೋಗಿಯೂ ಇಲ್ಲ, ಇಮಾನದ ಕೋದಂಡಣ್ಣ ಬಂದ, ಟೀ ಕೊಡ್ರಪ್ಪ ಅನ್ನುತ್ತಾರೆ, ನನಗೆ ಅಷ್ಟು ಸಾಕಾಗಿತ್ತು, ನಂಬುವವಳು ಒಬ್ಬಳು ಹುಟ್ಟುವ ತನಕ. ಇಲ್ಲೇ ಕೂತಿದ್ದಾಳೆ, ಕಲ್ಲುಬೆಂಚಿನ ತುದಿಯಲ್ಲಿ, ನನ್ನ ತಂಗಿ ಶ್ಯಾಮಲಳ ಮಗಳು ಸುಮಿತಾ, ನೀಲಿ ಪೆಟ್ಟಿಗೆಯನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು, ಹಳಿಯ ಆ ಕೊನೆಯನ್ನೇ ನೋಡುತ್ತ, ಮಾಮ, ಬೆಂಗಳೂರು ಟ್ರೈನು ಲೇಟಾ, ಇಲ್ಲ ಕಣಮ್ಮ, ಬತ್ತದೆ, ನಾನು ಬಂದಿದ್ದೀನಿ ಅಂತ ಗೊತ್ತಾಗಿ ಮೈ ತೊಳ್ಕೊಂಡು ಬತ್ತಾ ಐತೆ ಅಷ್ಟೆ. ನಕ್ಕಳು. ಅಂಗಿಯ ಜೇಬಿನಲ್ಲಿ ಫೋನು ಎದೆಗೆ ಒತ್ತಿಕೊಂಡು ಬೆಚ್ಚಗಿದೆ, ಒಳಗೆ ಏನೋ ಉಸಿರಾಡುತ್ತಿರುವ ಹಾಗೆ, ಅದನ್ನು ಮತ್ತೆ ತೆಗೆದು ನೋಡಬಾರದು, ಆಟೋದಲ್ಲಿ ಬರುವಾಗಲೇ ನೋಡಿ ಆಗಿದೆ, ಒಂದು ಸಲ ಸಾಕು.

ಪೆಟ್ಟಿಗೆಯ ಹಿಡಿಗೆ ಶ್ಯಾಮಲ ಕೆಂಪು ದಾರ ಕಟ್ಟಿದ್ದಾಳೆ, ರಿಗಾದಲ್ಲಿ ಬೇರೆಯವರ ಪೆಟ್ಟಿಗೆಯ ಜೊತೆ ಕಲೆತುಹೋಗಬಾರದು ಅಂತ, ಒಳಗೆ ಹುಚ್ಚೆಳ್ಳು ಪುಡಿ, ಹುಣಸೆ ತೊಕ್ಕು, ಎರಡು ಸೇರು ರಾಗಿ ಹಿಟ್ಟು, ಅಣ್ಣಾ, ತೂಕ ಜಾಸ್ತಿ ಆದ್ರೆ ಕಿತ್ತು ಬಿಸಾಕ್ತಾರಂತೆ ನಿಜವಾ, ಯಾವನಾದ್ರೂ ಕೇಳಿದ್ರೆ ಕೋದಂಡಪ್ಪನ ಸೊಸೆ ಅಂತ ಯೋಳು ಸುಮಿ, ತಕ್ಕಡೀನೇ ತಲೆ ಬಗ್ಗಿಸ್ತದೆ. ರಿಗಾ ಎಲ್ಲಿದೆ ಅಂತ ಇದೇ ತಂಗಿ ಕೇಳಿದಾಗ ಕಾಮಸಮುದ್ರ ದಾಟಿದರೆ ಆಂಧ್ರ, ಆಂಧ್ರ ದಾಟಿ ಒಂದು ನಿದ್ದೆ ಮಾಡಿದರೆ ರಿಗಾ ಅಂದಿದ್ದೆ. ಯುರೋಪಿನ ಚಳಿದೇಶದ ಊರು, ಅಗ್ಗದ ಟಿಕೆಟ್ಟಿನ ಕಂಪನಿಯೊಂದು ಮುಂದಿನ ವರ್ಷ ನಮ್ಮ ದೇಶಕ್ಕೂ ಹಾರಿಸುತ್ತದಂತೆ, ನಮ್ಮ ಭಾಷೆಯ ಹುಡುಗಿಯರು ಬೇಕಂತೆ, ರಾಬರ್ಟ್‌ಸನ್‌ಪೇಟೆಯ ಬೇಕರಿ ಮೇಲಿನ ತರಬೇತಿ ಶಾಲೆಯಲ್ಲಿ ಗಗನಸಖಿ ಕೋರ್ಸು ಮುಗಿಸಿದ ನಮ್ಮ ಸುಮಿ ಬೆಂಗಳೂರಿನ ಹೋಟೆಲಿನಲ್ಲಿ ಅವರ ಮುಂದೆ ಕೂತು ಕನ್ನಡ, ತಮಿಳು, ತೆಲುಗು, ಹಿಂದಿ ಒಂದೇ ಉಸಿರಿನಲ್ಲಿ ಮಾತಾಡಿ ಬಂದಳು, ನಮ್ಮೂರಲ್ಲಿ ಹಾಲುಹಲ್ಲು ಬೀಳುವ ಮುಂಚೆ ಎಲ್ಲರಿಗೂ ಬರುವುದು ಅದು, ಅವರು ಬೆರಗಾಗಿ ಆರಿಸಿದರು. ಅದೇ ವಾರ ಕಾಮಸಮುದ್ರದ ಅಂಚೆ ಕಚೇರಿಯಿಂದಲೂ ಕೆಲಸಕ್ಕೆ ಬಾ ಅಂತ ಕರೆ. ಎರಡರಲ್ಲಿ ಯಾವುದು. ನಮ್ಮಲ್ಲಿ ಹೆಣ್ಣುಮಗಳ ವಿಷಯದಲ್ಲಿ ಸೋದರಮಾವ ತಟ್ಟೆಗೆ ಎಲೆ ಅಡಿಕೆ ಇಟ್ಟು ಹೂಂ ಅಂದ ಮೇಲೇ ಮುಂದಿನ ಮಾತು, ಅವಳು ದೊಡ್ಡವಳಾದಾಗ ಹಸಿರು ಸೊಪ್ಪಿನ ಗುಡಿಸಲು ಕಟ್ಟಿದವನು ನಾನು, ಯಾವ ಹೊಸಿಲು ದಾಟಬೇಕಾದರೂ ಕೈ ಹಿಡಿದು ದಾಟಿಸಬೇಕಾದವನು ನಾನು, ಶ್ಯಾಮಲ ತಟ್ಟೆ ತಂದು ಮುಂದಿಟ್ಟಳು, ಕೇರಿಯವರೆಲ್ಲ ಬಾಗಿಲಲ್ಲಿ, ನೀನು ಕಂಡ ಕಂಪನಿ ತಾನೇ ಅಣ್ಣ, ನೀನೇ ಯೋಳು, ನಾನು ಎಲೆಯನ್ನು ಎತ್ತಿ ಆಕಾಶಕ್ಕೆ ತೋರಿಸಿದೆ, ಕಾಮಸಮುದ್ರದಲ್ಲಿ ಕೂತು ಯಾರ್ದೋ ಕಾಗದಕ್ಕೆ ಮೊಹರು ಒಡೀತಾಳಾ ನನ್ನ ಸೊಸೆ, ಆ ಕಂಪನಿ ನನ್ನ ಮನೆ ಇದ್ದಂಗೆ, ಅದರ ದೊಡ್ಡ ಸಾಹೇಬ ನನ್ನ ಕೈ ಮುದ್ದೆ ತಿಂದೋನು. ಚಪ್ಪಾಳೆ. ಈಗ ಹೊತ್ತು ಮಧ್ಯಾಹ್ನಕ್ಕೆ ವಾಲುತ್ತಿದೆ, ಸಂಜೆ ಕಚೇರಿ ಮುಚ್ಚುವ ಒಳಗೆ ಹೋಗಿ ಹಾಜರಾಗದಿದ್ದರೆ ಅಂಚೆಯ ಕೆಲಸ ಸಾಲಿನಲ್ಲಿ ಹಿಂದೆ ನಿಂತಿರುವವರಿಗೆ, ಸ್ಟೇಷನ್ನಿನ ಹೊರಗೆ ಕಾಮಸಮುದ್ರದ ಬಸ್ಸು ನಿಂತಿದೆ, ಹಾರ್ನು ಕೇಳಿಸುತ್ತಿದೆ, ಇಲ್ಲಿಂದ ಎದ್ದರೆ ಸಾಕು, ಬಾಯಿ ತೆರೆದರೆ ಸಾಕು — ಬಾಗಿಲು ತೆರೆದಿದೆ, ಏಣಿ ಹತ್ತಡಿ ದೂರದಲ್ಲಿದೆ. ಇಲ್ಲ, ಅದು ಬೇಡ, ಅದನ್ನು ನೆನೆಯಬಾರದು, ಕಾಗೆ, ಕಾಗೆಯನ್ನು ನೋಡು.

ಗೋವಾದಲ್ಲಿ ನಾನು ಏನೇನು ನೋಡಿಲ್ಲ, ಊರಿನ ಚಿನ್ನದ ಗಣಿ ಮುಚ್ಚಿದ ಮೇಲೆ ನಮ್ಮ ಕಡೆಯವರು ಬೆಂಗಳೂರಿನ ರೈಲು ಹತ್ತಿದರೆ ನಾನು ಸೆಲ್ವರಾಜನ ಜೊತೆ ಸಮುದ್ರದ ಕಡೆಗೆ ಹೋದೆ, ಚಾಂಪಿಯನ್ ರೀಫ್ ಗಣಿಕೇರಿಯ ಸೆಲ್ವರಾಜ್, ಬೈಯುವುದು ತಮಿಳಿನಲ್ಲಿ ಅಳುವುದು ತೆಲುಗಿನಲ್ಲಿ, ಇಬ್ಬರಿಗೂ ವಿಮಾನ ನಿಲ್ಲುವ ಮೈದಾನದಲ್ಲಿ ಕೆಲಸ, ಅವನು ಪೆಟ್ಟಿಗೆ ಇಳಿಸುವವನು, ನಾನು — ನಾನು ವಿಮಾನ ನಡೆಸುವವರಿಗೆ ಬಹಳ ಹತ್ತಿರದವನು. ಚಳಿಗಾಲ ಬಂತೆಂದರೆ ಯುರೋಪಿನಿಂದ ಬಿಳಿ ಜನ ಇಡೀ ವಿಮಾನವನ್ನೇ ಮದುವೆ ಬಸ್ಸಿನ ಹಾಗೆ ಗೊತ್ತು ಮಾಡಿಕೊಂಡು ಬರುತ್ತಿದ್ದರು, ಚಾರ್ಟರ್ ಅನ್ನುತ್ತಿದ್ದರು ಅದಕ್ಕೆ, ಬಾಲದ ಮೇಲೆ ಹಳದಿ ಸೂರ್ಯ ಬರೆದ ಕಂಪನಿಯದೇ ದರ್ಬಾರು, ಮೊದಲ ವರ್ಷ ಒಂದು ವಿಮಾನ, ಮರುವರ್ಷ ನಾಲ್ಕು, ಆಮೇಲೆ ಸೂರ್ಯ ಇಲ್ಲದ ಬಾಲವೇ ಕಾಣುತ್ತಿರಲಿಲ್ಲ, ಅವರ ದೇಶದಲ್ಲಂತೂ ಊರಿಂದೂರಿಗೆ ಹಾರುವ ಟಿಕೆಟ್ಟು ಒಂದು ಪ್ಲೇಟು ಬಿರಿಯಾನಿಗಿಂತ ಅಗ್ಗ, ನೀರಿಗೆ ಬೇರೆ ಕಾಸು, ಚೀಲಕ್ಕೆ ಬೇರೆ, ಕಿಟಕಿ ಪಕ್ಕ ಕೂತರೆ ಬೇರೆ, ಉಸಿರಿಗೂ ಮೀಟರು ಹಾಕ್ತಾರಂತೆ ಕಣ್ಲಾ ಅಂತ ಊರಿಗೆ ಬಂದಾಗ ಹೇಳುತ್ತಿದ್ದೆ, ಜನ ಬಿದ್ದು ಬಿದ್ದು ನಗುತ್ತಿದ್ದರು. ಆದರೆ ವಿಮಾನಗಳು ಅವರದಲ್ಲ, ಎಲ್ಲ ಬಾಡಿಗೆಯವು. ಆಂಡರ್ಸನ್‌ಪೇಟೆಯಲ್ಲಿ ಗಂಟೆ ಲೆಕ್ಕದ ಬಾಡಿಗೆ ಸೈಕಲ್ ತೆಗೆದುಕೊಂಡವನು ಎಲ್ಲೂ ನಿಲ್ಲಬಾರದು, ನಿಂತರೆ ಸೈಕಲ್ ನಿಲ್ಲುತ್ತದೆ, ಬಾಡಿಗೆ ನಿಲ್ಲುವುದಿಲ್ಲ, ಮೂತ್ರಕ್ಕೂ ಇಳಿಯದೆ ತುಳಿಯುತ್ತಿದ್ದೆವಲ್ಲ ನಾವು, ಅದೇ ಅವರ ಬದುಕು, ಇಳಿ, ಗುಡಿಸು, ತುಂಬು, ಹಾರು, ಬರುವ ಚಳಿಗಾಲದ ಜನ ಕೊಟ್ಟ ಕಾಸಿನಲ್ಲಿ ಕಳೆದ ಚಳಿಗಾಲದ ಬಾಡಿಗೆ ಕಟ್ಟು, ಮತ್ತೆ ಹಾರು. ಶ್ಯಾಮಲ ಪೊಟ್ಟಣ ಬಿಚ್ಚುತ್ತಿದ್ದಾಳೆ, ತಗೊಳಣ್ಣ ಚಿತ್ರಾನ್ನ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು, ಮುಖ ಯಾಕೋ ಗಣಿ ಮಣ್ಣಿನ ಸೈನೈಡ್ ಗುಡ್ಡದಂಗೆ ಬೆಳ್ಳಗಾಗೈತೆ. ಬೇಡಮ್ಮ, ಪಾನಿಪುರಿ ತಿಂದೆ ಆಗಲೇ. ಸುಳ್ಳು. ಆದರೆ ನಾಲಿಗೆಯ ಮೇಲೆ ಅದರ ಖಾರ ಹತ್ತಿಯೇಬಿಟ್ಟಿತು, ನಮ್ಮ ಬಂಗಾರಪೇಟೆಯ ಪಾನಿಯ ಗುಣವೇ ಹಾಗೆ, ನೋಡಲು ತಿಳಿನೀರು, ಬಾಯಿಗೆ ಬಿದ್ದ ಮೇಲೇ ಗೊತ್ತಾಗುವುದು.

ಒಂದು ಕಂಪನಿ ಸಾಯುವುದು ಪೇಪರಿನಲ್ಲಿ ಬರುವ ಮುಂಚೆ ನೆಲದ ಮೇಲೆ ನಿಂತವರಿಗೆ ಗೊತ್ತಾಗುತ್ತದೆ, ಅಪ್ಪ ಮುನಿಸ್ವಾಮಪ್ಪ ಹೇಳುತ್ತಿದ್ದ, ಗಣಿಯ ಬಾಯಲ್ಲಿ ಕೇಜಿನ ಗಂಟೆ ಹೊಡೆಯುವವನು ಅವನು, ಕೇಜು ಅಂದರೆ ಜನರನ್ನು ಪಾತಾಳಕ್ಕೆ ಇಳಿಸಿ ಹತ್ತಿಸುವ ಕಬ್ಬಿಣದ ಗೂಡು, ಹಗ್ಗಕ್ಕೆ ಗ್ರೀಸು ಬಳಿಯೋದು ತಡ ಮಾಡಕ್ಕೆ ಶುರು ಮಾಡಿದ್ರೆ ತಿಳ್ಕೊ ಕೋದಂಡ, ಮೇಲಿನವರು ಲೆಕ್ಕ ಮುಗಿಸ್ತಾ ಅವ್ರೆ ಅಂತ. ಇನ್ನೊಂದು ಮಾತೂ ಹೇಳುತ್ತಿದ್ದ, ಗೂಡಿನ ನೆಲ ನಮ್ಮ ನೆಲಕ್ಕೆ ಸಮ ಆಗೋ ತನಕ ಗೇಟು ತೆಗೀಬಾರ್ದು, ಸಮ ಆದ್ಮೇಲೆ ಒಂದು ಗಳಿಗೆನೂ ತೆಗೀದೆ ಇರಬಾರ್ದು, ಒಳಗಿರೋರು ಮನುಷ್ಯರು. ವಿಮಾನಕ್ಕೆ ಹಗ್ಗವಿಲ್ಲ, ಎಣ್ಣೆಯಿದೆ, ಎಣ್ಣೆ ಹಾಕುವವನು ಪೈಪು ಸಿಕ್ಕಿಸುವ ಮೊದಲು ಕಾಸು ಇಡು ಅಂದನೋ ಮುಗಿಯಿತು, ಹಳದಿ ಸೂರ್ಯನ ಕಂಪನಿಗೆ ಅದರ ಕೊನೆಯ ಚಳಿಗಾಲ ಹಾಗೇ ಅಂದ, ಆಮೇಲೆ ಊಟದ ಗಾಡಿಯವನು ಬರಲಿಲ್ಲ, ಆಮೇಲೆ ಗಗನಸಖಿಯರು ನೀರಿನ ಬಾಟಲು ಮನೆಯಿಂದ ತಂದರು, ಆಮೇಲೆ ಆ ಬೆಳಿಗ್ಗೆ ಇಳಿದ ವಿಮಾನಕ್ಕೆ ಏಣಿ ಹಚ್ಚಬೇಡ ಅಂತ ನಮ್ಮ ಮೈದಾನದ ಸಾಹೇಬರು ಹೇಳಿದರು, ನಮ್ಮ ಹಿಂದಿನ ಬಾಕಿ ಬರೋ ತನಕ ಯಾರೂ ಇಳಿಯೋ ಹಾಗಿಲ್ಲ, ಹತ್ತಡಿ ದೂರ ನಿಲ್ಲಿಸು. ಬಿಸಿಲು. ಎಂಜಿನ್ ಆರಿಸಿದ್ದಾರೆ, ಒಳಗೆ ತಂಪುಗಾಳಿ ಇಲ್ಲ. ಒಳಗಿನವರೇ ಬಾಗಿಲು ತೆರೆದರು. ಬಾಗಿಲಲ್ಲಿ ಒಬ್ಬ ಮುದುಕಿ, ಹುಲ್ಲಿನ ಟೋಪಿ, ಬಿಸಿಲು ಕಾಯಿಸಿಕೊಳ್ಳಲೆಂದೇ ಅಷ್ಟು ದೂರ ಬಂದವಳು, ಕೈ ಮುಂದೆ ಚಾಚಿದಳು — ಟೀ ಅಂಗಡಿಯಲ್ಲಿ ಇಲ್ಲಿಗೆ ಬಂದಾಗ ನಾನು ಒಂದು ಗುಟುಕು ಟೀ ಕುಡಿಯುತ್ತೇನೆ, ಆಮೇಲೆ ಸಾಹೇಬರನ್ನು ಪಕ್ಕಕ್ಕೆ ತಳ್ಳಿ ಏಣಿಯ ಗಾಡಿ ಹತ್ತಿ ಒಂದೇ ಏಟಿಗೆ ಬಾಗಿಲಿಗೆ ಹಚ್ಚುತ್ತೇನೆ, ಮುನ್ನೂರು ಜನ ನನ್ನನ್ನು ಹೊತ್ತು ಮೆರೆಸುತ್ತಾರೆ, ಸುಮಿ ಚಿಕ್ಕವಳಿದ್ದಾಗ ಇದೊಂದನ್ನೇ ಮತ್ತೆ ಮತ್ತೆ ಕೇಳುತ್ತಿದ್ದಳು, ಮಾಮ, ಏಣಿ ಕಥೆ ಯೋಳು, ಆ ಅಜ್ಜಿ ಏನಂದ್ಳು ಮಾಮ, ಏನಂದಳು, ಏನೋ ಅಂದಳು, ಪ್ರತಿ ಸಲ ಒಂದೊಂದು.

ಹೋದ ವಾರ ಸೆಲ್ವರಾಜನ ಫೋನು, ಅವನು ಈಗ ಯುರೋಪಿನಲ್ಲೇ ಪೆಟ್ಟಿಗೆ ಇಳಿಸುತ್ತಾನೆ, ಡೇಯ್ ಕೋದಂಡಾ, ನಿನ್ನ ಸೊಸೆ ಸೇರೋ ಕಂಪನಿ ಬಾಲ ನೋಡಿದ್ಯಾ, ಅದೇ ಸೂರ್ಯ ಡಾ, ಹಳದಿ ಒರೆಸಿ ಕಿತ್ತಳೆ ಬಳ್ದವ್ರೆ, ಹೆಸರು ಹೊಸದು, ಆಳು ಹಳಬರು, ಎಣ್ಣೆಯವನು ಕಾಸು ಮೊದಲು ಕೇಳ್ತಾವ್ನೆ ಡಾ, ಹುಡುಗೀನ ಕಳಿಸಬೇಡ. ಬಾಲದ ಚಿತ್ರ ನಾನೂ ನೋಡಿದ್ದೆ, ಕೆಲಸದ ಕಾಗದದ ಮೇಲೆಯೇ ಇತ್ತು, ತಟ್ಟೆಗೆ ಎಲೆ ಇಡುವಾಗಲೇ ಈ ಸೂರ್ಯನನ್ನು ಎಲ್ಲೋ ನೋಡಿದ್ದೀನಿ ಅನ್ನಿಸಿತ್ತು, ಚಪ್ಪಾಳೆ ಹೊಡೆಯುತ್ತಿದ್ದರಲ್ಲ. ನಾಳೆ ಹೇಳೋಣ ಅಂದುಕೊಂಡೆ, ಶ್ಯಾಮಲ ಕೇರಿಗೆಲ್ಲ ಒಬ್ಬಟ್ಟು ಹಂಚಿದಳು, ಒಬ್ಬಟ್ಟು ತಿಂದ ಮೇಲೆ ಹೇಳೋಣ ಅಂದುಕೊಂಡೆ, ದೇವಸ್ಥಾನದಲ್ಲಿ ನನ್ನನ್ನು ಮುಂದೆ ಕೂರಿಸಿದರು, ಇವತ್ತು ಬೆಳಿಗ್ಗೆ ಹೊಸಿಲು ದಾಟಿಸಲು ಕೈ ಹಿಡಿದಾಗ ಮಾಮ, ನಿನ್ನ ಕೈ ಯಾಕೆ ಒದ್ದೆ ಅಂದಳು. ಆಟೋದಲ್ಲಿ ಸೆಲ್ವರಾಜ ಫೋಟೋ ಕಳಿಸಿದ. ಕಿತ್ತಳೆ ಸೂರ್ಯ, ಎಂಜಿನ್ನಿನ ಬಾಯಿಗೆ ಕೆಂಪು ಬಟ್ಟೆ ತುರುಕಿದ್ದಾರೆ, ಪಕ್ಕದಲ್ಲಿ ಹತ್ತಡಿ ಆಚೆ ಏಣಿ, ಆಕಾಶಕ್ಕೆ ಹತ್ತುವ ಮೆಟ್ಟಿಲು, ತುದಿಯಲ್ಲಿ ಏನೂ ಇಲ್ಲ. ಮುಗೀತು ಡಾ ಅಂತ ಕೆಳಗೆ ಬರೆದಿದ್ದ. ಅವಳಿಗೆ ಅವರು ಕಳಿಸಿದ ಟಿಕೆಟ್ಟು ಹೋಗುವುದಕ್ಕೆ ಮಾತ್ರ, ಬೇರೆ ಕಂಪನಿಯ ವಿಮಾನ, ಅದು ಹಾರುತ್ತದೆ, ಕರೆದುಕೊಂಡು ಹೋಗಿ ಆ ಹಿಮದ ಊರಿನಲ್ಲಿ ಬಿಡುತ್ತದೆ, ಅಲ್ಲಿ ಬಾಗಿಲು ತೆಗೆಯಲು ಯಾರೂ ಇರುವುದಿಲ್ಲ, ಎರಡು ಸೇರು ರಾಗಿ ಹಿಟ್ಟು ಇಟ್ಟುಕೊಂಡು ಕೈ ಚಾಚಿ ನಿಲ್ಲುತ್ತಾಳೆ. ಮಾಮ, ಮಾಮೋ, ಎಲ್ಲಿಗೆ ಹಾರ್ತಾ ಇದೀಯ, ಒಂದು ಕೇಳ್ಲಾ, ಸೀಟು ಬೆಲ್ಟು ಬಿಚ್ಚೋದು ಹೆಂಗೆ, ನಂಗೆ ಯಾಕೋ ಗಾಬರಿ. ಅಯ್ಯೋ ಅದೇನು ಮಹಾ, ಪಕ್ಕದಲ್ಲಿ ಕೆಂಪು ಗುಂಡಿ ಇರ್ತದೆ, ಅಮುಕು, ಟಪ್ ಅಂತ ಬಿಟ್ಕೊಳ್ತದೆ, ನಾನು ಲಕ್ಷ ಸಲ ಅಮುಕಿದೀನಿ. ಅವಳು ನನ್ನ ಮುಖವನ್ನೇ ನೋಡಿದಳು, ನಗಲಿಲ್ಲ. ಅದು ಕಾರಿಂದು ಮಾಮ, ಇಮಾನದ್ದು ಅಮುಕೋದಲ್ಲ, ಮೇಲಿನ ತಗಡು ಎತ್ತೋದು, ಬೇಕರಿ ಮೇಲೆ ಹಳೇ ಸೀಟು ಇಟ್ಟು ದಿನಾ ಎತ್ತಿಸ್ತಿದ್ರು ನಮ್ಮ ಕೈಲಿ. ಶ್ಯಾಮಲ ಪೊಟ್ಟಣ ಮಡಚುವುದನ್ನು ನಿಲ್ಲಿಸಿದಳು. ಕಾಗೆ ಹಾರಿಹೋಯಿತು. ನೀನು ಒಳಗೆ ಕೂತೇ ಇಲ್ಲ ಅಲ್ವಾ ಮಾಮ.

ದೂರದಲ್ಲಿ ರೈಲು ಕೂಗಿತು, ಸ್ಟೇಷನ್ನಿನ ಮೈಕಿನಲ್ಲಿ ಒಬ್ಬಳೇ ಹೆಂಗಸು ಮೂರು ಭಾಷೆಯಲ್ಲಿ ಅದು ಬರುತ್ತಿದೆ ಅಂದಳು, ಹಿಂದೆ ಗಣಿಯ ಕೂಗು ಕೇಳಿಸಿದರೆ ಹೆಂಗಸರು ಕೈಲಿದ್ದುದನ್ನು ಕೆಳಗಿಡುತ್ತಿದ್ದರು, ಗಂಡಸರು ಮೇಲೆ ಬರುವ ಹೊತ್ತಿನದೋ ಅಥವಾ ಹೊತ್ತಲ್ಲದ ಹೊತ್ತಿನದೋ ಅಂತ ಕಿವಿಗೊಟ್ಟು, ಏನಾದರೂ ಹೇಳಬೇಕು, ದೊಡ್ಡದಾಗಿ ಏನಾದರೂ, ನಮ್ಮ ಕಾಲದಲ್ಲಿ ಗುಂಡಿಯೇ ಇತ್ತು ಅನ್ನಬೇಕು, ನಾನು ಪೈಲಟ್ ಪಕ್ಕ ಕೂರುತ್ತಿದ್ದೆ, ಅಲ್ಲಿ ಬೆಲ್ಟೇ ಇರಲಿಲ್ಲ ಅನ್ನಬೇಕು. ಬಿಡು ಮಾಮ, ನಂಗೆ ಮೊದ್ಲೇ ಅನುಮಾನ ಇತ್ತು, ಅಮ್ಮಂಗೂ ಇತ್ತು, ಟೀ ಅಂಗಡಿ ಮಾತು ಟೀ ಅಂಗಡಿಗೆ, ಬಾ, ಕೈ ಹಿಡಿದು ಹತ್ತಿಸು. ಪೆಟ್ಟಿಗೆ ಎತ್ತಿದೆ, ಕೆಂಪು ದಾರ ಬೆರಳಿಗೆ ಸುತ್ತಿಕೊಂಡಿತು, ರೈಲು ಬಂದು ನಿಂತಿತು, ಬಿಸಿ ಗಾಳಿ, ಕಬ್ಬಿಣದ ವಾಸನೆ, ಅಪ್ಪನ ಅಂಗಿಯ ವಾಸನೆ, ಇಲ್ಲಿ ಎರಡೇ ನಿಮಿಷ ನಿಲ್ಲುತ್ತದೆ, ಅವಳು ನನ್ನ ಕೈ ಹಿಡಿದೇ ಹತ್ತಿದಳು, ಹತ್ತಿ ಕೈ ಬಿಟ್ಟಳು, ದಾರ ಬಿಡಿಸಿಕೊಂಡು ಪೆಟ್ಟಿಗೆಯನ್ನು ಅವಳ ಕಾಲಬಳಿ ಇಟ್ಟೆ, ಬಾಗಿಲಲ್ಲಿ ನಿಂತು ತಿರುಗಿದಳು, ತಮಾಷೆಯ ದನಿಯಲ್ಲ. ಮಾಮ, ಇಮಾನ ನಿಲ್ಲಿಸಿದ್ದು ಸುಳ್ಳಾಗ್ಲಿ, ಒಳಗೆ ಕೂತಿದ್ದು ಸುಳ್ಳಾಗ್ಲಿ, ಕಂಪನಿ ಚೆನ್ನಾಗೈತೆ ಅಂದ್ಯಲ್ಲ, ಅದೊಂದು ನಿಜ ತಾನೇ. ಶ್ಯಾಮಲ ನನ್ನ ಕಡೆ ನೋಡುತ್ತಿದ್ದಾಳೆ. ಹೊರಗೆ ಕಾಮಸಮುದ್ರದ ಬಸ್ಸು ಎಂಜಿನ್ ಶುರು ಮಾಡಿಕೊಂಡು ನಡುಗುತ್ತಿರುವುದು ಇಲ್ಲಿಗೂ ಕೇಳಿಸುತ್ತಿದೆ. ಗೂಡಿನ ನೆಲ ನಮ್ಮ ನೆಲಕ್ಕೆ ಸಮ ಆಗಿದೆ, ಅಪ್ಪ, ಸಮ ಆಗಿದೆ.

ಇಲ್ಲ ಕಣಮ್ಮ ಅಂದೆ, ನನ್ನ ದನಿ ಇಷ್ಟು ಸಣ್ಣದು ಅಂತ ನನಗೇ ಗೊತ್ತಿರಲಿಲ್ಲ, ಇಲ್ಲ, ಕಂಪನಿ ಬಿದ್ದೋಗೈತೆ, ಬೆಳಿಗ್ಗೇನೇ, ನಂಗೆ ಒಂದು ವಾರದಿಂದ ಗೊತ್ತು, ಓಗ್ಬೇಡ, ಅಲ್ಲಿ ಯಾರೂ ಇಲ್ಲ, ಫೋಟೋ ನೋಡು, ಕಾಮಸಮುದ್ರದ ಬಸ್ಸು ಇನ್ನೂ ನಿಂತೈತೆ. ಮತ್ತೆ ಇನ್ನೊಂದೂ ಬಂತು, ಯಾರೂ ಕೇಳಿರಲಿಲ್ಲ, ತಾನಾಗಿಯೇ ಬಂತು, ನಾನು ಏಣಿ ತಳ್ಳೋನು ಅಷ್ಟೆ ಸುಮಿ, ಆವತ್ತು ತಳ್ಳಲಿಲ್ಲ, ಬೇಡ ಅಂದ್ರು, ಏಣಿ ಗಾಡಿ ಬ್ರೇಕಿನ ಮೇಲೆ ನನ್ನ ಕಾಲಿತ್ತು, ಎತ್ತಿದ್ರೆ ಸಾಕಾಗಿತ್ತು, ಎತ್ತಲಿಲ್ಲ, ಆ ಅಜ್ಜಿ ಕೈ ಚಾಚ್ಕೊಂಡು ಬಾಳ ಹೊತ್ತು ನಿಂತಿದ್ಳು, ಆಮೇಲೆ ಬಾಗಿಲಲ್ಲಿ ಕಾಣಲಿಲ್ಲ, ಸಂಜೆ ನಾಲ್ಕು ಜನ ಎತ್ಕೊಂಡು ಇಳಿದ್ರು, ಬದುಕಿದ್ಳೋ ಇಲ್ವೋ ಕೇಳಕ್ಕೆ ನಾನು ಓಗಲಿಲ್ಲ. ಶ್ಯಾಮಲ ಬಾಯಿಗೆ ಸೆರಗು ಒತ್ತಿಕೊಂಡಿದ್ದಾಳೆ. ಸುಮಿ ನಾನು ತೋರಿಸಿದ ಫೋನನ್ನು ನೋಡಿದಳು, ನನ್ನನ್ನು ನೋಡಿದಳು, ಒಂದು ವಾರಾನಾ ಮಾಮ ಅಂದಳು, ಬಗ್ಗಿ ನೀಲಿ ಪೆಟ್ಟಿಗೆಯನ್ನು ಕೆಳಕ್ಕೆ ನೂಕಿದಳು, ಅದು ನನ್ನ ಎದೆಗೆ ಬಂದು ಬಡಿಯಿತು, ಹಿಂದೆ ಸರಿದೆ, ಒಂದು ಹೆಜ್ಜೆ, ಎರಡು ಹೆಜ್ಜೆ, ಕೆಂಪು ದಾರ ಮತ್ತೆ ಬೆರಳಿಗೆ ಸುತ್ತಿಕೊಂಡು ಬಿಡುತ್ತಿಲ್ಲ, ರೈಲು ಕೂಗಿತು, ಇಳೀಬೇಕು, ಕೈ ಕೊಡು ಅಂದಳು, ಎಷ್ಟು ದೂರವಿದೆ, ಏನೂ ಇಲ್ಲ, ಮಗು ದಾಟುವಷ್ಟು, ನನ್ನ ಕಾಲು ಯಾಕೆ ಏಳುತ್ತಿಲ್ಲ, ಎತ್ತು, ಎತ್ತು ಕೋದಂಡ, ರೈಲು ಒಮ್ಮೆ ಜಗ್ಗಿತು, ಬಾಗಿಲು ತೆರೆದಿದೆ, ಬಾಗಿಲಲ್ಲಿ ಕೈ, ಚಾಚಿದ ಕೈ —